ಕರಟ, ಬಿದಿರು, ತೆನೆ: ಹಕ್ಕಿಗೆ ಕಾಳಿಡುವ ಬಟ್ಟಲು ಮಾಡುವ ಬಗೆ

ಹಕ್ಕಿಗೆ ಕಾಳಿಡಲು ಒಂದು ತೆಂಗಿನ ಕರಟ, ಒಂದಿಷ್ಟು ನಾರಿನ ಹಗ್ಗ, ತೂತು ಮಾಡಲು ಒಂದು ಮೊಳೆ ಇದ್ದರೆ ಸಾಕು. ಪ್ಲಾಸ್ಟಿಕ್ ಫೀಡರ್ ಬೇಕೇ ಬೇಕು ಅಂತೇನಿಲ್ಲ. ಆದರೆ ಕೈಗೆ ಗರಗಸ ಎತ್ತಿಕೊಳ್ಳುವ ಮೊದಲು ಒಂದು ವಿಷಯ ಗಮನದಲ್ಲಿರಲಿ. ಮುಂದೆ ಹೇಳುವ ಅಳತೆ, ತೂತು, ಗಂಟು ಎಲ್ಲಕ್ಕೂ ಅದೇ ಕಾರಣ. ಕಾಳಿನ ಬಟ್ಟಲನ್ನು ಎಲ್ಲಕ್ಕಿಂತ ಜಾಸ್ತಿ ಕೆಡಿಸುವುದು ತೇವ. ಇರುವೆ, ಅಳಿಲು ಎಲ್ಲ ಆಮೇಲೆ. ತಳದಲ್ಲಿ ಎರಡು ಚಮಚ ನೀರು ನಿಂತರೂ ಬಟ್ಟಲು ಕೆಟ್ಟ ಹಾಗೆಯೇ.

ಯಾಕೆ ಅಂತೀರಾ? ನೆನೆದ ಕಾಳು ಊದಿಕೊಳ್ಳುತ್ತದೆ, ಹುಳಿ ವಾಸನೆ ಬರುತ್ತದೆ, ಕೆಲವು ಮೊಳಕೆ ಒಡೆಯುತ್ತವೆ, ಉಳಿದವಕ್ಕೆ ಬೂಷ್ಟು ಹಿಡಿಯುತ್ತದೆ. ಶೇಂಗಾ, ಮೆಕ್ಕೆಜೋಳದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟಿಸುತ್ತದೆ. ಅದು ಹಕ್ಕಿಯ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ. ಇನ್ನು ಹಲವು ಹಕ್ಕಿಗಳು ಒಂದೇ ಬಟ್ಟಲಿಗೆ ಬರುವುದರಿಂದ ಹಿಕ್ಕೆಯೂ ಅಲ್ಲೇ ಬೀಳುತ್ತದೆ, ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡುವ ಒಂದು ಮುಖ್ಯ ದಾರಿ ಅದು. ಟ್ರೈಕೊಮೊನಾಸ್ ಎಂಬ ಪರೋಪಜೀವಿಯ ಕಥೆ ಇನ್ನೂ ಸ್ಪಷ್ಟ. ಅದು ಹಕ್ಕಿಯ ಗಂಟಲಲ್ಲಿ ಬದುಕುತ್ತದೆ. ರೋಗ ಬಂದ ಹಕ್ಕಿಗೆ ನುಂಗಲು ಆಗುವುದಿಲ್ಲ, ಬಾಯಿಗೆ ಹಾಕಿದ ಕಾಳನ್ನು ಎಂಜಲು ಸಮೇತ ಬಟ್ಟಲಿಗೇ ಉಗುಳುತ್ತದೆ, ಮುಂದಿನ ಹಕ್ಕಿ ಅದನ್ನೇ ಹೆಕ್ಕುತ್ತದೆ. ಒಣಗಿದ ಜಾಗದಲ್ಲಿ ಈ ಜೀವಿ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಒದ್ದೆ ಇದ್ದರೆ ಮಾತ್ರ ಅದಕ್ಕೆ ಅನುಕೂಲ. ಬ್ರಿಟನ್ನಿನಲ್ಲಿ 2005ರ ಸುಮಾರಿಗೆ ಈ ರೋಗ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಕಾಣಿಸಿಕೊಂಡಿತು. ಹಿತ್ತಲ ಫೀಡರ್‌ಗಳಿಗೆ ದಿನವೂ ಬರುತ್ತಿದ್ದ ಹಕ್ಕಿ ಅದು. ಅದರ ಸಂಖ್ಯೆ ಎಷ್ಟು ಕುಸಿಯಿತೆಂದರೆ 2021ರಲ್ಲಿ ಅದನ್ನು ಅಲ್ಲಿನ ಅಪಾಯದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಪ್ರೀತಿಯಿಂದ ಕಾಳಿಟ್ಟವರ ಹಿತ್ತಲಲ್ಲೇ ರೋಗ ಹರಡಿತು ಅನ್ನುವುದು ನನ್ನನ್ನು ತುಂಬಾ ಕಾಡುವ ವಿಷಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಕರಟ, ಬಿದಿರು, ಮರದಂತಹ ವಸ್ತುಗಳ ಗುಣ ನೋಡೋಣ. ಇವೆಲ್ಲ ಸ್ವಲ್ಪವಾದರೂ ನೀರು ಹೀರುತ್ತವೆ. ಪ್ಲಾಸ್ಟಿಕ್ಕನ್ನು ಉಜ್ಜಿ ತೊಳೆದರೆ ನೀಟಾಗುತ್ತದೆ, ಮರದ ಬಿರುಕಿನ ಒಳಗಿನ ಕೊಳೆ ಪೂರ್ತಿ ಹೋಗುವುದಿಲ್ಲ. ಅದು ಇವುಗಳ ದೋಷ. ಒಳ್ಳೆಯ ಗುಣ ಅಂದರೆ, ಹಳತಾದದ್ದನ್ನು ಯಾವ ಬೇಸರವೂ ಇಲ್ಲದೆ ಗೊಬ್ಬರದ ಗುಂಡಿಗೆ ಹಾಕಿ ಹೊಸದು ಮಾಡಿಕೊಳ್ಳಬಹುದು. ಒರಟಾಗಿರುವುದರಿಂದ ಹಕ್ಕಿಯ ಕಾಲಿಗೂ ಒಳ್ಳೆಯ ಹಿಡಿತ ಸಿಗುತ್ತದೆ. ಹಾಗಾಗಿ ಬಟ್ಟಲು ಚಿಕ್ಕದಿರಲಿ, ಸರಳವಾಗಿರಲಿ, ವರ್ಷಗಟ್ಟಲೆ ಬಾಳಬೇಕು ಅಂತ ಮಾಡಬೇಡಿ. ವಾರ್ನಿಷ್, ಬಣ್ಣ ಬಳಿದು ಆಯುಷ್ಯ ಹೆಚ್ಚಿಸಲು ಹೋಗಬೇಡಿ. ಬಣ್ಣದ ಚಕ್ಕೆ ಕಾಳಿನ ಜೊತೆ ಹಕ್ಕಿಯ ಹೊಟ್ಟೆಗೇ ಹೋಗುತ್ತದೆ. ಗೆದ್ದಲು ಹಿಡಿಯದಿರಲಿ ಅಂತ ಔಷಧಿ ಹೊಡೆದ ಮರದ ತುಂಡನ್ನಂತೂ ಮುಟ್ಟಲೇಬೇಡಿ.

ಮೊದಲಿಗೆ ಕರಟ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಟ್ಟಲು ಇಲ್ಲ.

ಸಿಪ್ಪೆ ಸುಲಿದ ಕಾಯಿಯನ್ನು ಕೈಯಲ್ಲಿ ಹಿಡಿದು, ನಡುಗೆರೆಯ ಉದ್ದಕ್ಕೂ ತಿರುಗಿಸುತ್ತಾ ಕತ್ತಿಯ ಹಿಂಬದಿಯಿಂದ ತಟ್ಟುತ್ತಾ ಬಂದರೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಹೋಳಿನಲ್ಲಿ ಮೂರು ಕಣ್ಣು ಇರುತ್ತವಲ್ಲ, ಅದನ್ನೇ ಬಟ್ಟಲಿಗೆ ಆರಿಸಿಕೊಳ್ಳಿ. ಆ ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಮೊಳಕೆ ಹೊರಗೆ ಬರುವುದು ಅದರಿಂದಲೇ. ಮೊಳೆಯಿಂದ ಒತ್ತಿದರೆ ಸಾಕು, ಸುಲಭವಾಗಿ ತೂತಾಗುತ್ತದೆ. ನೀರು ಹೊರಹೋಗಲು ಪ್ರಕೃತಿಯೇ ಕೊಟ್ಟ ದಾರಿ! ಆದರೆ ಕಣ್ಣುಗಳು ತಳದ ತುದಿಯ ಸುತ್ತ ಇರುತ್ತವೆ, ನಟ್ಟ ನಡುವೆ ಇರುವುದಿಲ್ಲ. ಹಾಗಾಗಿ ತೂಗು ಹಾಕಿದಾಗ ಎಲ್ಲಕ್ಕಿಂತ ಕೆಳಗೆ ಬರುವ ಜಾಗದಲ್ಲಿ ಇನ್ನೂ ಎರಡು ಮೂರು ತೂತು ಕೊರೆಯಬೇಕು. ಅಳತೆ 2ರಿಂದ 3 ಮಿ.ಮೀ. ಸಾಕು. ಇದಕ್ಕಿಂತ ಸಣ್ಣದಾದರೆ ನೀರು ಹನಿಯಾಗಿ ಅಲ್ಲೇ ಅಂಟಿ ನಿಲ್ಲುತ್ತದೆ, ದೊಡ್ಡದಾದರೆ ಕಾಳು ಸೋರುತ್ತದೆ. ನವಣೆಯಂತಹ ಸಣ್ಣ ಕಾಳು ಹಾಕುವವರು 2 ಮಿ.ಮೀ.ಗೇ ನಿಲ್ಲಿಸಿ, ತೂತಿನ ಸಂಖ್ಯೆ ಜಾಸ್ತಿ ಮಾಡಿ. ಕಣ್ಣಿನ ತೂತು ಸಾಮಾನ್ಯವಾಗಿ ದೊಡ್ಡದಾಗುತ್ತದೆ, ಸಣ್ಣ ಕಾಳು ಹಾಕುವುದಾದರೆ ಆ ಕಣ್ಣನ್ನು ಮುಟ್ಟದೆ ಬಿಟ್ಟರೂ ಆದೀತು.

ಒಳಗಿನ ಕಾಯಿಯನ್ನು ಪೂರ್ತಿ ತುರಿದು ತೆಗೆಯಿರಿ. ಉಳಿದ ಎಣ್ಣೆಯಂಶ ನಾಲ್ಕು ದಿನಕ್ಕೆ ಕಮಟು ಬರುತ್ತದೆ, ಅದರ ಮೇಲೇ ಬೂಷ್ಟು ಕೂರುತ್ತದೆ. ಎರಡು ಮೂರು ದಿನ ಬಿಸಿಲಿಗಿಟ್ಟರೆ ಅಂಟಿಕೊಂಡಿರುವ ಚೂರು ಒಣಗಿ ಸೆಟೆದುಕೊಳ್ಳುತ್ತದೆ, ಆಗ ಚಾಕುವಿನ ತುದಿಯಿಂದ ಎಬ್ಬಿಸುವುದು ಸುಲಭ. ಹೊರಗಿನ ನಾರನ್ನು ಮಾತ್ರ ಪೂರ್ತಿ ಉಜ್ಜಿ ನುಣುಪು ಮಾಡಬೇಡಿ. ನೋಡಲು ಚೆಂದ ಕಾಣುತ್ತದೆ ನಿಜ, ಆದರೆ ಹಕ್ಕಿ ಕೂರುವುದು ಅಂಚಿನ ಮೇಲೆ, ಅಲ್ಲಿ ಉಗುರಿಗೆ ಹಿಡಿತ ಬೇಕು. ಒಡೆದ ಅಂಚಿನ ಚೂಪನ್ನು ಸ್ಯಾಂಡ್‌ಪೇಪರ್‌ನಲ್ಲಿ ತೆಗೆದರೆ ಆಯಿತು.

ತೂಗು ಹಾಕಲು ಮೂರು ತೂತು, ಅಂಚಿನಿಂದ ಸುಮಾರು ಒಂದೂವರೆ ಸೆಂ.ಮೀ. ಕೆಳಗೆ, ಒಂದಕ್ಕೊಂದು ಸಮ ದೂರದಲ್ಲಿ. ಮೂರೇ ಯಾಕೆ? ಎರಡೇ ಹಗ್ಗವಾದರೆ ಹಕ್ಕಿ ಪಕ್ಕದಲ್ಲಿ ಬಂದು ಕುಳಿತ ಕೂಡಲೇ ಬಟ್ಟಲು ಮಗುಚುತ್ತದೆ. ನಾಲ್ಕಾದರೆ ಯಾವುದೋ ಒಂದು ಸಡಿಲವಾಗಿಯೇ ಉಳಿಯುತ್ತದೆ, ಸಡಿಲ ಹಗ್ಗಕ್ಕೆ ಕಾಲು ಸಿಕ್ಕಿಕೊಳ್ಳಬಹುದು. ಇನ್ನೊಂದು ಹೋಳನ್ನು ಬೋರಲು ಹಾಕಿ, ಅದರ ಅಂಚಿನಲ್ಲೂ ಮೂರು ತೂತು ಮಾಡಿ, ಅದೇ ಹಗ್ಗಗಳನ್ನು ಪೋಣಿಸಿದರೆ ಮಾಡು ಆಯಿತು. ತೂತಿನ ಕೆಳಗೆ ಒಂದು ಗಂಟು ಹಾಕಿದರೆ ಅದು ಜಾರಿ ಬಟ್ಟಲ ಮೇಲೆ ಬೀಳುವುದಿಲ್ಲ. ನಡುವೆ 10ರಿಂದ 12 ಸೆಂ.ಮೀ. ಜಾಗ ಬಿಡಿ. ಎರಡು ಹೋಳಿನಲ್ಲಿ ಅಗಲವಾದದ್ದು ಮೇಲಿದ್ದರೆ ಮಳೆ ಹನಿ ಒಳಗೆ ಬೀಳುವುದು ಕಡಿಮೆ. ಕೂರಲಿ ಅಂತ ಬಟ್ಟಲಿನ ಅಡ್ಡಕ್ಕೆ ಕಡ್ಡಿ ಇಡುವವರಿದ್ದಾರೆ. ಬೇಡ. ಅಲ್ಲಿ ಕೂತ ಹಕ್ಕಿಯ ಹಿಕ್ಕೆ ನೇರ ಕಾಳಿಗೇ ಬೀಳುತ್ತದೆ.

ಬಿದಿರಿನ ಫೀಡರ್ ಸ್ವಲ್ಪ ಜಾಸ್ತಿ ಕೆಲಸ, ಆದರೆ ಎರಡು ಮೂರು ಹಕ್ಕಿ ಒಟ್ಟಿಗೆ ಕೂರಬಹುದು. 7ರಿಂದ 10 ಸೆಂ.ಮೀ. ದಪ್ಪದ, ಬಲಿತ, ಒಣಗಿದ ಬಿದಿರು ತೆಗೆದುಕೊಳ್ಳಿ. ಎಳೆ ಹಸಿ ಬಿದಿರಿನಲ್ಲಿ ಪಿಷ್ಟ ಜಾಸ್ತಿ, ಅದನ್ನು ತಿನ್ನಲು ಕೊರೆಯುವ ಹುಳು ಬರುತ್ತದೆ, ಬಿದಿರು ಪುಡಿ ಉದುರಿಸುತ್ತಾ ಟೊಳ್ಳಾಗುತ್ತದೆ. ಎರಡು ಗೆಣ್ಣುಗಳು ಎರಡು ತುದಿಯಲ್ಲಿ ಉಳಿಯುವಂತೆ ಕತ್ತರಿಸಿದರೆ ಗೋಡೆಗಳು ತಾವಾಗಿಯೇ ಸಿಕ್ಕಿದವು. ಮೇಲಿನ ಒಂದು ಬದಿಯಲ್ಲಿ ಉದ್ದಕ್ಕೆ ಕಿಟಕಿಯಂತೆ ಕತ್ತರಿಸಿ, ತಳದಲ್ಲಿ ಸಾಲಾಗಿ ತೂತು ಕೊರೆದು, ಎರಡೂ ತುದಿಗೆ ಹಗ್ಗ ಕಟ್ಟಿ ಅಡ್ಡಡ್ಡ ತೂಗು ಹಾಕಿ. ನಿಲುವಾಗಿ ನೇತು ಹಾಕಿ ಪಕ್ಕದಲ್ಲಿ ತೂತು ಬಿಡುವ ಮಾದರಿಯೂ ಇದೆ, ಅದರೊಳಗೆ ಬಿಸಿಲು ಹೋಗುವುದಿಲ್ಲ, ತಳ ಒಣಗುವುದಿಲ್ಲ, ಕೈಯೂ ಹೋಗದೆ ತೊಳೆಯಲು ಆಗುವುದಿಲ್ಲ. ನನಗೆ ಅಡ್ಡ ಮಾದರಿಯೇ ಇಷ್ಟ. ಒಂದು ಎಚ್ಚರಿಕೆ ಏನೆಂದರೆ ಬಿದಿರಿನ ಸೀಳು ಬ್ಲೇಡಿನಷ್ಟು ಹರಿತ. ಕತ್ತರಿಸಿದ ಪ್ರತಿ ಅಂಚನ್ನೂ ಬೆರಳಾಡಿಸಲು ಭಯವಾಗದಷ್ಟು ಉಜ್ಜಿ.

ಒಣ ಸೋರೆ ಬುರುಡೆಯಲ್ಲೂ ಮಾಡುತ್ತಾರೆ. ಬಲಿತ ಕಾಯಿ ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು. ಒಣಗುವಾಗ ಹೊರಗೆ ಬೂಷ್ಟು ಬರುವುದು ಸಹಜ, ಮೆತ್ತಗಾಗಿ ಕುಸಿದರೆ ಮಾತ್ರ ಬಿಸಾಡಿ. ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ ಅರ್ಥ. ಕತ್ತರಿಸುವಾಗ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ, ಒಳಗಿನ ದೂಳಿನಲ್ಲಿ ಬೂಷ್ಟು ಇರುತ್ತದೆ, ಉಸಿರಿಗೆ ಒಳ್ಳೆಯದಲ್ಲ. ಎದುರು ಬದುರಾಗಿ ಎರಡು ದೊಡ್ಡ ಬಾಯಿ ಕೊರೆಯಿರಿ, ಒಂದೇ ಬಾಯಿ ಇದ್ದರೆ ಒಳಗೆ ತಲೆ ಹಾಕಿದ ಹಕ್ಕಿಗೆ ಹಿಂದೆ ಏನು ಬಂತು ಅಂತ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಮಳೆಗೆ ಬುರುಡೆ ಬೇಗ ಮೆತ್ತಗಾಗುತ್ತದೆ. ಮಳೆ ಇಲ್ಲದ ಕಾಲಕ್ಕೆ ಮಾತ್ರ ಇಟ್ಟುಕೊಳ್ಳಿ.

ಬಟ್ಟಲೇ ಇಲ್ಲದ ಫೀಡರ್ ಎಲ್ಲಕ್ಕಿಂತ ಒಳ್ಳೆಯದು! ಸಜ್ಜೆ, ನವಣೆ, ಜೋಳದ ತೆನೆಗಳನ್ನು ದಂಟಿನ ಸಮೇತ ಕೊಯ್ದು, ಒಂದು ಕಟ್ಟು ಮಾಡಿ, ತೆನೆ ಕೆಳಮುಖವಾಗಿ ತೂಗು ಹಾಕಿದರೆ ಆಯಿತು. ನೀರು ನಿಲ್ಲಲು ಜಾಗವೇ ಇಲ್ಲ, ತೊಳೆಯುವ ಕೆಲಸವೂ ಇಲ್ಲ. ಹಕ್ಕಿ ಅದಕ್ಕೆ ಜೋತುಬಿದ್ದು, ಹೊಲದಲ್ಲಿ ತಿನ್ನುವ ಹಾಗೆಯೇ ಒಂದೊಂದೇ ಕಾಳು ಕಿತ್ತು ತಿನ್ನುತ್ತದೆ. ಸೂರ್ಯಕಾಂತಿ ಹೂವಿನ ಹಿಂಬದಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಒಂದು ಅಡಿ ದಂಟಿನ ಜೊತೆ ಕೊಯ್ದು ಒಣಗಿಸಿದರೆ ಅದೂ ಹೀಗೆಯೇ ಒಂದು ತಯಾರಾದ ಫೀಡರ್. ಬೀಜ ಖಾಲಿಯಾದ ಮೇಲೆ ಎಸೆದುಬಿಡಿ. ಮಕ್ಕಳ ಜೊತೆ ಮಾಡುವವರು ಇದರಿಂದಲೇ ಶುರು ಮಾಡಿ.

ಪೈನ್ ಕಾಯಿಗೆ ಶೇಂಗಾ ಬೆಣ್ಣೆ ಸವರಿ, ಕಾಳಿನಲ್ಲಿ ಹೊರಳಿಸಿ ತೂಗು ಹಾಕುವುದು ತುಂಬಾ ಜನಪ್ರಿಯ. ಆ ಮರ ಬೆಳೆಯುವ ಚಳಿ ಜಾಗಕ್ಕೆ ಅದು ಸರಿ, ಶೇಂಗಾ ಬೆಣ್ಣೆಯಲ್ಲಿ ಉಪ್ಪು ಸಕ್ಕರೆ ಇಲ್ಲದಿದ್ದರೆ. ಸೆಕೆ ಇರುವಲ್ಲಿ ಬೇಡ. ಕರಗಿದ ಕೊಬ್ಬು ಗರಿಗೆ ಮೆತ್ತಿಕೊಂಡರೆ ಗರಿ ನೀರು ತಡೆಯುವ ಗುಣ ಕಳೆದುಕೊಳ್ಳುತ್ತದೆ, ಹಕ್ಕಿ ನೆನೆದು ಚಳಿಗೆ ಸಿಕ್ಕುತ್ತದೆ.

ಹಗ್ಗದ ವಿಷಯ ಸಣ್ಣದು ಅನಿಸುತ್ತದೆ, ಆದರೆ ಹಕ್ಕಿಗೆ ನೇರವಾಗಿ ಗಾಯ ಮಾಡಬಲ್ಲದ್ದು ಅದೇ. ಮೀನಿನ ಗಾಳದ ನೈಲಾನ್ ದಾರ, ಹೊಲಿಗೆ ದಾರ, ತೆಳು ತಂತಿ ಯಾವುದೂ ಬೇಡ. ಕಾಲ್ಬೆರಳಿಗೆ ಸುತ್ತಿಕೊಂಡರೆ ಬಿಗಿಯುತ್ತಾ ಹೋಗಿ ರಕ್ತ ಓಡಾಟ ನಿಂತು ಬೆರಳೇ ಉದುರುತ್ತದೆ. ಬೆರಳಿಲ್ಲದ ಪಾರಿವಾಳ ನೋಡಿರುತ್ತೀರಿ ಅಲ್ವಾ? ಎಷ್ಟೋ ಸಲ ಕಾರಣ ಇಂಥ ದಾರವೇ. ಪೆನ್ಸಿಲ್‌ನಷ್ಟು ದಪ್ಪದ ತೆಂಗಿನ ನಾರಿನ ಹಗ್ಗ ಒಳ್ಳೆಯದು, ಒದ್ದೆಯಾದರೂ ಬೇಗ ಕೊಳೆಯುವುದಿಲ್ಲ. ಸೆಣಬು ಆಗುತ್ತದೆ, ಆದರೆ ಬೇಗ ಲಡ್ಡಾಗುತ್ತದೆ, ಆಗಾಗ ಎಳೆದು ನೋಡಿ. ಗಂಟಿನಾಚೆ ಬಾಲದ ಹಾಗೆ ಉಳಿದ ತುದಿಗಳನ್ನು ಕತ್ತರಿಸಿ. ಇರುವೆ ಬರದಿರಲಿ ಅಂತ ಹಗ್ಗಕ್ಕೆ ಗ್ರೀಸ್, ಎಣ್ಣೆ ಬಳಿಯುತ್ತಾರೆ, ಅದು ಗರಿಗೆ ಮೆತ್ತುತ್ತದೆ. ಅದರ ಬದಲು ಬಟ್ಟಲಿನ ಮೇಲೆ, ಹಗ್ಗದ ಮಧ್ಯದಲ್ಲಿ ಒಂದು ಚಿಕ್ಕ ಕರಟ ಪೋಣಿಸಿ, ಹಗ್ಗ ಹಾದುಹೋಗುವ ತೂತನ್ನು ಜೇನುಮೇಣದಿಂದ ಮುಚ್ಚಿ, ನೀರು ತುಂಬಿ. ಇರುವೆ ನೀರು ದಾಟುವುದಿಲ್ಲ. ಆ ನೀರನ್ನೂ ದಿನಾ ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಕಾಳು ಯಾವುದು ಅನ್ನುವುದು ಕೊಕ್ಕಿನ ಮೇಲೆ ನಿಂತಿದೆ. ಗುಬ್ಬಿ, ರಾಟವಾಳದಂತಹ ಗಿಡ್ಡ ದಪ್ಪ ಕೊಕ್ಕಿನವಕ್ಕೆ ಸಿರಿಧಾನ್ಯ. ಪಾರಿವಾಳ, ಬೆಳವ ನೆಲದಲ್ಲಿ ಹೆಕ್ಕುವ ಜಾತಿ, ಅವು ತೂಗುವ ಚಿಕ್ಕ ಬಟ್ಟಲಿಗಿಂತ ಅಗಲವಾದ ತಟ್ಟೆಗೆ ಬರುತ್ತವೆ. ಗಿಳಿಗೆ ಸೂರ್ಯಕಾಂತಿ ಬೀಜ ಇಷ್ಟ. ಪಿಕಳಾರ, ಮೈನಾಗಳಿಗೆ ಹಣ್ಣು. ಬಾಳೆ, ಪಪ್ಪಾಯಿ, ಕಿತ್ತಳೆಯ ಹೋಳನ್ನು ಕವಲು ಕಡ್ಡಿಗೆ ಚುಚ್ಚಿಟ್ಟರೆ ಸಾಕು, ಸಂಜೆ ಉಳಿದದ್ದನ್ನು ತೆಗೆದುಬಿಡಿ. ಮಕರಂದ ಕುಡಿಯುವ ಹಕ್ಕಿಗಳಿಗೆ ಅಂತ ಕರಟದಲ್ಲಿ ಸಕ್ಕರೆ ನೀರು ಇಡಬೇಡಿ. ನೀರು ಹೀರುವ ವಸ್ತುವಿನಲ್ಲಿ ಅದು ಬೇಗ ಹುಳಿಯುತ್ತದೆ. ಅವಕ್ಕೆ ಹೂವಿನ ಗಿಡ ನೆಡುವುದೇ ಸರಿ.

ಉಪ್ಪು ಹಾಕಿದ್ದು, ಹುರಿದು ಮಸಾಲೆ ಬೆರೆಸಿದ್ದು, ಚಾಕೊಲೇಟ್, ಬೆಣ್ಣೆಹಣ್ಣು ಕೊಡಬಾರದು. ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ. ಬ್ರೆಡ್ ಹೊಟ್ಟೆ ತುಂಬಿಸುತ್ತದೆ ಅಷ್ಟೇ, ಸತ್ವ ಇಲ್ಲ. ಒಣ ಕೊಬ್ಬರಿ ಪುಡಿ ಹೊಟ್ಟೆಯೊಳಗೆ ಊದಿಕೊಳ್ಳುತ್ತದೆ, ಅದೂ ಬೇಡ. ಮರಿ ಮಾಡುವ ಕಾಲದಲ್ಲಿ ಇಡೀ ಶೇಂಗಾ ಬೀಜ ಇಡಬೇಡಿ, ತಾಯಿ ಹಕ್ಕಿ ಅದನ್ನೇ ಒಯ್ದು ಮರಿಗೆ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಳು ತಿನ್ನುವ ಹಕ್ಕಿಗಳಲ್ಲೂ ಹೆಚ್ಚಿನವು ಮರಿಗಳಿಗೆ ಹುಳುವನ್ನೇ ಉಣಿಸುತ್ತವೆ. ಹಾಗಾಗಿ ತೋಟಕ್ಕೆ ಕೀಟನಾಶಕ ಹೊಡೆದು ಪಕ್ಕದಲ್ಲೇ ಕಾಳಿನ ಬಟ್ಟಲು ತೂಗು ಹಾಕಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಎಷ್ಟು ಹಾಕಬೇಕು? ಒಂದು ದಿನದಲ್ಲಿ ಖಾಲಿಯಾಗುವಷ್ಟು, ಬೆಳಗ್ಗೆಯೇ. ರಾತ್ರಿ ಉಳಿದ ಕಾಳಿಗೆ ಇಲಿ ಬರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಗುಬ್ಬಿ ಸಜ್ಜೆ ತಿನ್ನುವುದನ್ನು ಹತ್ತಿರದಿಂದ ನೋಡಿ. ಕಾಳನ್ನು ಕೊಕ್ಕಿನ ಅಂಚಿನಲ್ಲಿ ಹಿಡಿದು, ನಾಲಿಗೆಯಿಂದ ಹೊರಳಿಸುತ್ತಾ ಕಡಿಯುತ್ತದೆ, ಸಿಪ್ಪೆ ಪಕ್ಕಕ್ಕೆ ಉದುರುತ್ತದೆ, ತಿರುಳು ಮಾತ್ರ ಒಳಗೆ ಹೋಗುತ್ತದೆ. ಉದುರಿದ ಸಿಪ್ಪೆ ಬಟ್ಟಲಿನಲ್ಲೇ ಕೂರುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದ ಹಾಗೆ ಕಾಣುತ್ತದೆ, ಮೆಲ್ಲಗೆ ಊದಿ ನೋಡಿ, ಹೊಟ್ಟೆಲ್ಲ ಹಾರಿ ಹೋಗಿ ತಳ ಬರಿದಾಗಿರುತ್ತದೆ. ಕಾಳು ಇದೆಯಲ್ಲ ಅಂತ ಬಿಟ್ಟರೆ ಹಕ್ಕಿಗೆ ಊಟ ಇಲ್ಲ. ಆ ಹೊಟ್ಟಿನ ಮೇಲೆಯೇ ಹೊಸ ಕಾಳು ಸುರಿದರೆ ಅಡಿಯ ಹೊಟ್ಟು ತೂತು ಮುಚ್ಚಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ದಿನಾ ಬಟ್ಟಲು ಬೋರಲು ಹಾಕಿ ತಟ್ಟಿದ ಮೇಲೆಯೇ ಹೊಸ ಕಾಳು.

ತೂಗು ಹಾಕುವ ಜಾಗ ಆರಿಸುವಾಗ ಗಾಜಿನ ಬಗ್ಗೆ ಯೋಚಿಸಲೇಬೇಕು. ಗಾಜಿನಲ್ಲಿ ಕಾಣುವ ಮರದ ಪ್ರತಿಬಿಂಬವನ್ನು ಹಕ್ಕಿ ನಿಜವಾದ ಮರ ಅಂದುಕೊಳ್ಳುತ್ತದೆ. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಸಾಯುತ್ತವೆ ಅಂತ 2014ರ ಒಂದು ಅಂದಾಜು ಹೇಳುತ್ತದೆ. ಫೀಡರ್ ಕಿಟಕಿಗೆ ಒಂದು ಮೀಟರ್‌ಗಿಂತ ಹತ್ತಿರ ಇದ್ದರೆ ಹಕ್ಕಿ ಗಾಬರಿಯಾಗಿ ಹಾರಿದರೂ ಅಷ್ಟರಲ್ಲಿ ವೇಗ ಬಂದಿರುವುದಿಲ್ಲ, ಬಡಿದರೂ ಬದುಕುತ್ತದೆ. ನಾಲ್ಕೈದು ಮೀಟರ್ ದೂರವೇ ನಿಜವಾಗಿ ಅಪಾಯ. ಒಂದೋ ತೀರಾ ಹತ್ತಿರ, ಇಲ್ಲವೋ ಹತ್ತು ಮೀಟರ್‌ಗಿಂತ ಚೆನ್ನಾಗಿ ಆಚೆ. ಬೆಕ್ಕು ಓಡಾಡುವ ಕಡೆ ಪೊದೆಯಿಂದ ಎರಡು ಮೂರು ಮೀಟರ್ ಬಿಟ್ಟು ಕಟ್ಟಿ. ಬೆಕ್ಕು ಹೊಂಚು ಹಾಕಿ ಒಂದೇ ನೆಗೆತಕ್ಕೆ ಹಿಡಿಯುವಷ್ಟು ಹತ್ತಿರ ಬೇಡ, ಗಿಡುಗ ಬಂದರೆ ಹಕ್ಕಿ ಹಾರಿ ಅಡಗಲು ಆಗದಷ್ಟು ದೂರವೂ ಬೇಡ. ಎತ್ತರ ಒಂದೂವರೆಯಿಂದ ಎರಡು ಮೀಟರ್. ಬೆಳಗಿನ ಬಿಸಿಲು ಬೀಳುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ರಾತ್ರಿಯ ಇಬ್ಬನಿ ಬೇಗ ಆರುತ್ತದೆ.

ಪಕ್ಕದಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರೂ ಇಡಿ. ಆಳ 5 ಸೆಂ.ಮೀ. ದಾಟಬಾರದು, ನಡುವೆ ಒಂದು ಕಲ್ಲಿರಲಿ. ಕಾಳಿನ ಬಟ್ಟಲಿನ ಕೆಳಗೆ ಮಾತ್ರ ಇಡಬೇಡಿ.

ಇನ್ನು ತೊಳೆಯುವುದು. ನಾವು ಉಂಡ ತಟ್ಟೆಯನ್ನು ತೊಳೆಯದೆ ಅದರಲ್ಲೇ ಇನ್ನೊಬ್ಬರಿಗೆ ಬಡಿಸುತ್ತೇವೆಯೇ? ಕನಿಷ್ಠ ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬಿಸಿನೀರು, ಬ್ರಶ್ ಹಿಡಿದು ಉಜ್ಜಬೇಕು. ಆಮೇಲೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿಡಿ, ವಾಸನೆ ಹೋಗುವ ತನಕ ತೊಳೆಯಿರಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಕರಟ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ, ಆತುರ ಬೇಡ. ಇದಕ್ಕೇ ನಾನು ಯಾರಿಗೆ ಹೇಳಿದರೂ ಎರಡು ಬಟ್ಟಲು ಮಾಡಿ ಅನ್ನುತ್ತೇನೆ. ಒಂದು ಮರದಲ್ಲಿದ್ದರೆ ಇನ್ನೊಂದು ಬಿಸಿಲಲ್ಲಿ. ಬಿರುಕು ಬಿಟ್ಟದ್ದು, ತೊಳೆದರೂ ಕಪ್ಪು ಚುಕ್ಕೆ ಹೋಗದ್ದು, ಮೂಸಿದರೆ ಮುಗ್ಗುಲು ವಾಸನೆ ಬರುವುದು ಗೊಬ್ಬರದ ಗುಂಡಿಗೆ. ಬಟ್ಟಲಿನ ಕೆಳಗಿನ ನೆಲವನ್ನೂ ಗುಡಿಸಿ, ಆಗಾಗ ಜಾಗ ಬದಲಿಸಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಗರಿ ಉಬ್ಬಿಸಿಕೊಂಡು ಬಟ್ಟಲಲ್ಲೇ ಕೂತಿರುವ, ಹತ್ತಿರ ಹೋದರೂ ಹಾರದ, ಕಣ್ಣು ಮುಚ್ಚಿ ತೂಕಡಿಸುವ ಹಕ್ಕಿ ಕಂಡರೆ ಅದಕ್ಕೆ ಕಾಯಿಲೆ ಇದೆ. ಆ ದಿನವೇ ಎಲ್ಲ ಬಟ್ಟಲು, ನೀರಿನ ತಟ್ಟೆ ಇಳಿಸಿಬಿಡಿ. ಕನಿಷ್ಠ ಎರಡು ವಾರ ಏನೂ ಇಡಬೇಡಿ, ಹಕ್ಕಿಗಳು ಚದುರಲಿ.

ಹಾಗೆ ನಿಲ್ಲಿಸಿದರೆ ಅವು ಉಪವಾಸ ಬೀಳುವುದಿಲ್ಲವೇ ಅಂತ ತುಂಬಾ ಜನ ಕೇಳುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯ ಮೇಲೆ ನಡೆದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಬಹಳ ಕಾಲ ಫೀಡರ್ ಇದ್ದ ಕಡೆ ಅದನ್ನು ತೆಗೆದು ನೋಡಿದರು. ಫೀಡರ್ ಕಂಡೇ ಇರದ ಚಿಕಡೀಗಳಷ್ಟೇ ಚೆನ್ನಾಗಿ ಇವೂ ಆ ಚಳಿಗಾಲ ಬದುಕಿದವು. ಫೀಡರ್ ಇದ್ದಾಗಲೂ ಅವು ಊಟದ ಹೆಚ್ಚಿನ ಪಾಲನ್ನು ಹೊರಗೇ ಹುಡುಕಿಕೊಳ್ಳುತ್ತಿದ್ದವು. ಊರಿಗೆ ಹೋಗಬೇಕು, ಕಾಳು ಇಡುವವರಿಲ್ಲ ಅಂತ ಸುಮ್ನೆ ಚಿಂತೆ ಮಾಡಬೇಡಿ. ಕಡು ಚಳಿ, ಹಿಮ ಬೀಳುವ ಜಾಗದಲ್ಲಿ ಮಾತ್ರ ಒಮ್ಮೆಲೇ ನಿಲ್ಲಿಸದಿರುವುದು ಒಳ್ಳೆಯದು.

ಹೊಸ ಬಟ್ಟಲಿಗೆ ಹಕ್ಕಿ ಬರಲು ಕೆಲವೊಮ್ಮೆ ವಾರಗಳೇ ಬೇಕಾಗುತ್ತವೆ. ಬರಲಿಲ್ಲ ಅಂತ ದಿನಕ್ಕೊಂದು ಕಡೆ ಕಟ್ಟಿದರೆ ಇನ್ನೂ ತಡ. ಒಂದೇ ಜಾಗದಲ್ಲಿ ಬಿಡಿ. ಪಕ್ಕದಲ್ಲಿ ಒಂದು ಸಜ್ಜೆ ತೆನೆ ಕಟ್ಟಿ, ಕರಟದೊಳಗಿನ ಕಾಳು ಮೇಲಿನಿಂದ ಕಾಣದಿದ್ದರೂ ತೆನೆಯನ್ನು ಹಕ್ಕಿ ದೂರದಿಂದಲೇ ಗುರುತಿಸುತ್ತದೆ. ಮೂರು ನಾಲ್ಕು ವಾರವಾದರೂ ಯಾರೂ ಬರದಿದ್ದರೆ ಆಗ ಜಾಗ ಬದಲಿಸಿ, ಹತ್ತಿರದಲ್ಲಿ ಕೂರಲು ಒಂದು ಕೊಂಬೆ ಇರುವ ಕಡೆಗೆ. ಅಲ್ಲಿಯ ತನಕ ಯಾರೂ ಮುಟ್ಟದ ಕಾಳನ್ನೂ ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತಿರಿ.